ಶಟಲ್ ಬ್ಯಾಟಿನ ತೂಕವೂ ತೋಲವೂ

ಕಾಖಂಡಕಿಯಂಥ ಊರಿನಿಂದ ವಿಜಯಪುರದ ಪೇಟೆಗೆ ಹೋಗಿ ಮಕ್ಕಳಿಗೆ ಶಟಲ್ ಬ್ಯಾಟನ್ನು ಕೊಳ್ಳುವ ಗೃಹಸ್ಥರು, ಭಾರವಾದುದೇ ಗಟ್ಟಿಯೆಂದು ಭಾವಿಸುವುದುಂಟು. ಈ ಎಣಿಕೆಯಿಂದ ಹಣವೂ ವ್ಯರ್ಥ, ಹುಡುಗನ ಭುಜಕ್ಕೂ ನೋವು. ಐದು ಗ್ರಾಮಿನಷ್ಟು ತೂಗುವ ಗರಿಯ ಚೆಂಡಿಗೆ ಭೀಮನ ಗದೆಯೇಕೆ?

ಒಳ್ಳೆಯ ಬ್ಯಾಟುಗಳ ಮೇಲೆ ತೂಕದ ಗುರುತಿರುವುದು. 3ಯು ಎಂದರೆ 85ರಿಂದ 89 ಗ್ರಾಮು, 4ಯು 80ರಿಂದ 84, 5ಯು 75ರಿಂದ 79. ಅಂಕಿಯು ಏರಿದಂತೆ ತೂಕವು ಇಳಿಯುವುದೆಂಬುದನ್ನು ಲಕ್ಷ್ಯದಲ್ಲಿಡತಕ್ಕದ್ದು.

ಆದರೆ ತೂಕಕ್ಕಿಂತಲೂ ತೋಲವೇ ಮುಖ್ಯವೆಂದು ನಮ್ಮ ಮತ. ಒಂದೇ ಕೊಡಲಿಯು ಕಾವಿನ ತುದಿಯಲ್ಲಿ ಹಿಡಿದರೆ ಭಾರ, ಅಲಗಿನ ಬಳಿ ಹಿಡಿದರೆ ಹಗುರವೆಂಬುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬ್ಯಾಟನ್ನು ತೋರುಬೆರಳಿನ ಮೇಲೆ ಅಡ್ಡಲಾಗಿಟ್ಟು, ಅದು ಎತ್ತಲೂ ವಾಲದೆ ನಿಲ್ಲುವ ಸ್ಥಾನವನ್ನು ಕಂಡು, ಹಿಡಿಯ ಬುಡದಿಂದ ಅಳೆಯಿರಿ. ಸುಮಾರು 29 ಸೆಂಟಿಮೀಟರಾದರೆ ಸಮತೋಲ, ಮೀರಿದರೆ ತಲೆಭಾರ, ಕಡಿಮೆಯಾದರೆ ಹಿಡಿಭಾರ. ತಲೆಭಾರದ ಬ್ಯಾಟು ಹೊಡೆತಕ್ಕೆ ಬಲವನ್ನೀಯುವುದು ನಿಜ. ಆದರೆ ಅದನ್ನು ಥಟ್ಟನೆ ತಿರುಗಿಸುವ ಶ್ರಮವೆಲ್ಲ ಮಣಿಕಟ್ಟಿಗೆ. ಕಲಿಯುವವರಿಗೆ 4ಯು ಅಥವಾ 5ಯು ತೂಕದ ಸಮತೋಲದ ಬ್ಯಾಟೇ ಲೇಸು.

ಬಲವೇ ಸರ್ವಸ್ವವಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮದಲ್ಲಿ ನಮ್ಮ ಪ್ರಕಾಶ ಪಡುಕೋಣೆಯವರು ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗರನ್ನು ಸೋಲಿಸಿದರು. ಕಿಂಗರು ಬಿರುಹೊಡೆತಕ್ಕೆ ಹೆಸರಾದವರು. ಪಡುಕೋಣೆಯವರದು ಮಣಿಕಟ್ಟಿನ ನಯ.

ಇನ್ನೊಂದು ಮಾತು. ತಂತಿ ಕಟ್ಟಿದ ಮೇಲೆಯೇ ತೋಲವನ್ನು ನೋಡತಕ್ಕದ್ದು. ತಂತಿಯು ಭಾರವನ್ನು ತಲೆಯ ಕಡೆಗೂ, ಹಿಡಿಗೆ ಸುತ್ತುವ ಪಟ್ಟಿಯು ಬುಡದ ಕಡೆಗೂ ಎಳೆಯುವುದು.