ರೌಂಡ್ ಅಂದರೆ ಯಾವ ರೌಂಡು?

ಹಿಟ್ನಾಳದಿಂದ ಸೋದರಿಯೊಬ್ಬರು ಬರೆದಿದ್ದಾರೆ: ‘ಮನ್ಯಾಗ ಹೊಲಿಗಿ ಶುರು ಮಾಡೀನ್ರಿ. ಪುಸ್ತಕದಾಗ ರೌಂಡ್ ನೆಕ್ ಅಂತ ಐತಿ, ವೇಸ್ಟ್ ರೌಂಡ್ 30 ಅಂತಾನೂ ಐತಿ. ಎರಡೂ ಒಂದ ಏನ್ರಿ ಅಕ್ಕಾ? ಮಂದಿ ಖಣ ಕೆಟ್ಟರ ರೊಕ್ಕ ನಾನ ಕೊಡಬೇಕು.’

ಒಂದೇ ಅಲ್ಲ ತಂಗಿ, ಕತ್ತರಿ ಕೆಳಗಿಟ್ಟು ಓದಿರಿ. ರೌಂಡ್ ಅಂದರೆ ದುಂಡು. ಲ್ಯಾಟಿನ್ನಿನಲ್ಲಿ ಗಾಲಿಗೆ ‘ರೋಟಾ’ ಎನ್ನುತ್ತಾರಲ್ಲ, ಅದರ ಬಳಗದ ಮಾತು. ನಾವು ಬಡಿಯುವ ಜೋಳದ ರೊಟ್ಟಿಯೂ ರೌಂಡೇ, ವಿಜಯಪುರದ ಗೋಳಗುಮ್ಮಟದ ಗುಮ್ಮಟವೂ ರೌಂಡೇ! ಚಪ್ಪಟೆಯೋ ಉಬ್ಬೋ, ಆ ಪದಕ್ಕೆ ಎರಡೂ ಸರಿ.

‘ರೌಂಡ್ ನೆಕ್’ ಎಂದಾಗ ಅದು ಆಕಾರ, ಕತ್ತು ದುಂಡಗಿರಲಿ ಎಂದು. ಎಷ್ಟು ಆಳ ಎಂಬುದನ್ನು ಆ ಮಾತು ಹೇಳದು, ಗಿರಾಕಿಯನ್ನೇ ಕೇಳಬೇಕು. ‘ವೇಸ್ಟ್ ರೌಂಡ್’ ಎಂಬುದು ನಮ್ಮ ಟೇಲರುಗಳ ಇಂಗ್ಲಿಷು. ಅಲ್ಲಿ ಅದು ಸುತ್ತಳತೆ. ಟೇಪು ಸೊಂಟವನ್ನು ಒಂದು ಸುತ್ತು ಬಂದಾಗ 30 ಇಂಚು. ಬಟ್ಟೆ ನಾಲ್ಕು ಮಡಿಕೆ ಇದ್ದರೆ ಗುರುತು ಏಳೂವರೆಗೆ. ಟಕ್ಸಿಗೆ, ಹೊಲಿಗೆಗೆ ಬಿಡುವುದು ಬೇರೆ. ‘ಸ್ಲೀವ್ ರೌಂಡ್ 11’ ಎಂದಿದ್ದರೆ ಮಾತ್ರ ನಾಲ್ಕರಿಂದ ಭಾಗಿಸಬೇಡಿ. ತೋಳಿನ ಬಟ್ಟೆಗೆ ಎರಡೇ ಮಡಿಕೆ, ಆದ್ದರಿಂದ ಐದೂವರೆ. ಇಲ್ಲಿ ತಪ್ಪಿದರೆ ತೋಳು ಏರುವುದೇ ಇಲ್ಲ.

ಇನ್ನೊಂದು ರೌಂಡು ಪುಸ್ತಕದಲ್ಲಿಲ್ಲ, ಆದರೆ ನಿಮ್ಮ ಬಾಗಿಲಿಗೇ ಬರುತ್ತದೆ: ‘ರೌಂಡ್ ಫಿಗರ್ ಮಾಡ್ರಿ.’ ಮಜೂರಿ 280 ಆದರೆ ಗಿರಾಕಿಯ ರೌಂಡು 250. 300 ಕೂಡ ರೌಂಡೇ ಎಂದು ನಗುತ್ತಲೇ ಹೇಳಿಬಿಡಿ, 280 ಆದರೂ ಕೈಗೆ ಬಂದೀತು!