ಕಪಿಲೆಯ ಪೂರವೂ ತಗ್ಗಿನ ಬೀದಿಗಳೂ

ವೈನಾಡಿನ ಬೆಟ್ಟಗಳಲ್ಲಿ ನಾಲ್ಕು ದಿವಸ ಎಡೆಬಿಡದೆ ಮಳೆ ಹೊಡೆಯಿತೆಂದರೆ ನಂಜನಗೂಡಿನ ತೋಪಿನ ಬೀದಿಯಲ್ಲಿಯೂ ಹಳ್ಳದಕೇರಿಯಲ್ಲಿಯೂ ಜನರು ಪಾತ್ರೆಪದಾರ್ಥಗಳನ್ನು ಅಟ್ಟಕ್ಕೇರಿಸಲು ತೊಡಗುತ್ತಾರೆ. ಅಲ್ಲಿ ಬಿದ್ದ ನೀರು ಹೆಗ್ಗಡದೇವನಕೋಟೆಯ ಕಬಿನಿ ಕಟ್ಟೆಗೆ ಬಂದು ಸೇರುವುದು. 1974ರಲ್ಲಿ ಮುಗಿದ ಆ ಕಟ್ಟೆಯು ಹಿಡಿಯುವುದು 19.52 ಟಿ.ಎಂ.ಸಿ. ಮಾತ್ರ, ತುಂಬಿದ ಮೇಲೆ ಬಂದಷ್ಟನ್ನೂ ಹೊರಬಿಡದೆ ಗತ್ಯಂತರವಿಲ್ಲ. 2019ರ ಆಗಸ್ಟಿನಲ್ಲಿ ಸೆಕೆಂಡಿಗೆ 1 ಲಕ್ಷ ಘನ ಅಡಿಗೂ ಮೀರಿ ನೀರು ಬಿಟ್ಟಾಗ ಮಲ್ಲನಮೂಲೆಯ ಬಳಿ ಮೈಸೂರು ರಸ್ತೆ ಮುಚ್ಚಿತು. ಹದಿನಾರು ಕಾಲು ಮಂಟಪವು ಮುಳುಗಿತು. ಸುತ್ತೂರಿನ ಸೇತುವೆಯ ಮೇಲೆ ಹೊಳೆಯೇ ಹರಿದು ಇತ್ತಲ ದಂಡೆಗೂ ಅತ್ತಲ ದಂಡೆಗೂ ಸಂಬಂಧ ತಪ್ಪಿತು. ಹಿಂದಿನ ವರ್ಷವೂ ಇದೇ ಕಥೆ. 2024ರಲ್ಲಿ ಕಪಿಲೆಯು ಪುನಃ ತಗ್ಗಿನ ಮನೆಗಳ ಬಾಗಿಲಿಗೆ ಬಂದಳು. ಆ ದಿನಗಳಲ್ಲಿ ನಾವು ಮೊದಲ ಪುಟದಲ್ಲಿ ಅಚ್ಚಿಸಿದ್ದು ಮಂಟಪದ ಚಿತ್ರವನ್ನು. ಮನೆಗಳ ಚಿತ್ರ ಒಳಪುಟಕ್ಕೆ ಹೋಯಿತು. ಈ ತಪ್ಪನ್ನು ನಾವು ಒಪ್ಪಿಕೊಳ್ಳಬೇಕಾಗಿದೆ.

ಇದು ದೈವಕೋಪವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅರಬ್ಬೀ ಸಮುದ್ರವು ಕಾದು, ಪಶ್ಚಿಮಘಟ್ಟಗಳ ಮೇಲೆ ಅಲ್ಪಕಾಲದಲ್ಲಿ ವಿಪರೀತ ಮಳೆ ಸುರಿಯುವ ಸಂಭವವು ಹೆಚ್ಚುತ್ತಿದೆಯೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. 2023ರಲ್ಲಾದರೋ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರದವರೇ ಸಾರಿದರು. ಒಂದು ವರ್ಷ ಕ್ಷಾಮ, ಮರುವರ್ಷ ಪೂರ. ಪರಂತು ಪೂರವು ಯಾರ ಮನೆಯನ್ನು ಹೊಗಬೇಕೆಂಬುದನ್ನು ಸಮುದ್ರವು ನಿರ್ಣಯಿಸಲಿಲ್ಲ. ಹಳ್ಳದಕೇರಿಯೆಂಬ ಹೆಸರೇ ಅಲ್ಲಿನ ನೆಲಕ್ಕೆ ಸಾಕ್ಷಿ. ದುಡಿಮೆ ತಪ್ಪಿದವನು ಬಾಡಿಗೆ ಕಡಮೆಯಿರುವ ಕಡೆಗೆ ಸರಿಯುತ್ತಾನೆ. ಬಾಡಿಗೆ ಕಡಮೆಯಿರುವುದು ನೀರು ಬರುವ ಕಡೆ.

ದುಡಿಮೆ ತಪ್ಪುವುದೂ ಈ ತಾಲ್ಲೂಕಿಗೆ ಹೊಸದಲ್ಲ. ಬದನವಾಳಿಗೆ 1927ರಲ್ಲಿ ಗಾಂಧೀಜಿಯವರು ಬಂದಿದ್ದರು; ಅಲ್ಲಿನ ಖಾದಿ ಕೇಂದ್ರವು ನೂರಾರು ಕೈಗಳಿಗೆ ಕೆಲಸ ಕೊಟ್ಟು ತರುವಾಯ ಪಾಳುಬಿತ್ತು. 2015ರಲ್ಲಿ ಪ್ರಸನ್ನರವರು ಅದೇ ಪಾಳುಗೋಡೆಗಳ ನಡುವೆ ಸತ್ಯಾಗ್ರಹ ಕುಳಿತು, ಸರಳ ಬದುಕಿಗೂ ಗ್ರಾಮದ ದುಡಿಮೆಗೂ ಇರುವ ಸಂಬಂಧವನ್ನು ದೇಶದ ಮುಂದಿಟ್ಟರು. ನಂಜನಗೂಡಿನ ಸುಜಾತಾ ಬಟ್ಟೆಗಿರಣಿಯೂ ನಿಂತುಹೋಯಿತು. ಸುಜಾತಾಪುರವೆಂಬ ರೈಲು ನಿಲ್ದಾಣದ ಹೆಸರು ಮಾತ್ರ ಉಳಿದಿದೆ. ಮೈಸೂರಿನ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಹಾಕಿತು. ಗಿರಣಿ ಮುಚ್ಚಿದಾಗ ಯಂತ್ರಗಳ ಲೆಕ್ಕವಾಗುತ್ತದೆ, ನೆಲದ ಲೆಕ್ಕವಾಗುತ್ತದೆ, ಸಾಲದ ಲೆಕ್ಕವಾಗುತ್ತದೆ. ಕೂಲಿಯವನು ಮರುವರ್ಷ ಎಲ್ಲಿ ವಾಸಿಸುವನೆಂಬ ಲೆಕ್ಕವನ್ನು ಇಟ್ಟವರು ಯಾರೂ ಇಲ್ಲ.

ಸರ್ಕಾರದವರು ಏನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. 2019ರಲ್ಲಿ ತುರ್ತು ವೆಚ್ಚಕ್ಕೆಂದು 10,000 ರೂಪಾಯಿಯೂ, ಪೂರ್ತಿ ಬಿದ್ದ ಮನೆಗೆ 5 ಲಕ್ಷವೂ ಗೊತ್ತಾಯಿತು. ಆದರೆ ತೋಪಿನ ಬೀದಿಯ ಮನೆಯು ಪೂರ್ತಿ ಬೀಳುವುದಿಲ್ಲ. ಮೂರು ದಿವಸ ನೆನೆಯುತ್ತದೆ, ಬಿರುಕುಬಿಡುತ್ತದೆ, ಮತ್ತೆ ಒಣಗುತ್ತದೆ; ನಿಂತಿರುವ ಮನೆಗೆ ಬಿದ್ದ ಮನೆಯ ಹಣವಿಲ್ಲ. ಬಾಡಿಗೆಗೆ ಇರುವವನಿಗಂತೂ ಗೋಡೆಯೂ ತನ್ನದಲ್ಲ. ಹೀಗೆ ವರ್ಷವರ್ಷವೂ ಗಂಜಿಕೇಂದ್ರಕ್ಕೆ ಹೋಗಿ ಬರುವುದನ್ನೇ ಪರಿಹಾರವೆಂದು ಕರೆಯುವ ರೂಢಿ ಬಿದ್ದಿದೆ.

ಹಾಗಾದರೆ ಜನರನ್ನು ಎಬ್ಬಿಸಿ ದೂರ ಸಾಗಿಸೋಣವೆ? ಈ ಪ್ರಯೋಗವನ್ನು ಉತ್ತರ ಕರ್ನಾಟಕವು ನೋಡಿದೆ. 2009ರ ಪೂರದ ನಂತರ ಆಸರೆ ಯೋಜನೆಯಲ್ಲಿ ಸಾವಿರಾರು ಮನೆಗಳೆದ್ದವು. ದಾನಿಗಳ ಔದಾರ್ಯಕ್ಕೆ ಕೊರತೆಯಿರಲಿಲ್ಲ. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ದನ ಕಟ್ಟಲು ಜಾಗವಿಲ್ಲ. ಅನೇಕರು ಬೀಗ ಹಾಕಿ ಹಳೆಯ ಊರಿಗೇ ಹಿಂತಿರುಗಿದರು. ಹಾಲೆಂಡಿನವರು ಬೇರೊಂದು ದಾರಿ ಹಿಡಿದರು. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ತೆರವು ಮಾಡಬೇಕಾಗಿ ಬಂದ ಮೇಲೆ, ಒಡ್ಡುಗಳನ್ನು ಏರಿಸುತ್ತ ಹೋಗುವುದನ್ನು ಬಿಟ್ಟು ನದಿಗೇ ಜಾಗ ಕೊಡುವ ಕೆಲಸವನ್ನು ಮೂವತ್ತಕ್ಕೂ ಹೆಚ್ಚು ಕಡೆಗಳಲ್ಲಿ ನಡೆಸಿದರು. ಓವರ್‌ಡೀಪ್ ಎಂಬಲ್ಲಿ ರೈತರೇ ಮುಂದೆ ಬಂದು, ತಮ್ಮ ಮನೆಗಳನ್ನು ಎತ್ತರದ ದಿಬ್ಬಗಳ ಮೇಲೆ ಕಟ್ಟಿಕೊಳ್ಳುವ ಉಪಾಯವನ್ನು ಸೂಚಿಸಿದರು. ಅವರದು ಧನಿಕ ದೇಶ, ನಿಜ. ಮುಳುಗುವವನನ್ನು ಮೊದಲು ಕೇಳುವುದಕ್ಕೆ ಧನ ಬೇಕಿಲ್ಲ.

ನೆಲವಿಲ್ಲವೆಂಬ ಉತ್ತರವನ್ನು ನಾವು ಒಪ್ಪಲಾರೆವು. ಕೈಗಾರಿಕೆಗೆಂದರೆ 1966ರ ಕಾಯಿದೆಯ ಬಲದಿಂದ ರೈತನ ಭೂಮಿಯನ್ನು ಎಕರೆಗಟ್ಟಲೆ ಸ್ವಾಧೀನ ಮಾಡಿಕೊಳ್ಳಬಹುದು. ತಾಂಡ್ಯ, ತಾಂಡವಪುರಗಳ ಸುತ್ತ ಕಾರ್ಖಾನೆಗಳು ಎದ್ದಿರುವುದನ್ನು ಎಲ್ಲರೂ ಬಲ್ಲರು. ಆ ಕಾರ್ಖಾನೆಗಳಿಗೆ ಕೂಲಿಯವರೂ ಬೇಕು. ಕೂಲಿಯವರು ಮಲಗುವುದಕ್ಕೆ ಎತ್ತರದ ನೆಲದಲ್ಲಿ ಎರಡು ಗುಂಟೆ ಕೇಳಿದರೆ ಮಾತ್ರ ಭೂಮಿಗೆ ಬರ ಬರುವುದೇಕೆ? ಮುಚ್ಚಿದ ಗಿರಣಿಗಳ ನೆಲ ಎಲ್ಲೆಲ್ಲಿ ಮಾರಾಟಕ್ಕೆ ಬರುವುದೋ ಅಲ್ಲಿ ಒಂದು ಪಾಲನ್ನು ತಗ್ಗಿನವರಿಗೆ ಮೀಸಲಿಡಬೇಕು. ಹಕ್ಕುಪತ್ರವು ಹೆಂಗಸಿನ ಹೆಸರಿನಲ್ಲಿಯೂ ಇರಬೇಕು. ಬಾಡಿಗೆದಾರನನ್ನು ಪಟ್ಟಿಯಿಂದ ಹೊಡೆದುಹಾಕಬಾರದು. ಹೊಸ ಮನೆಯಿಂದ ಕೆಲಸಕ್ಕೂ ಶಾಲೆಗೂ ನಡೆದು ಹೋಗುವಷ್ಟೇ ದೂರವಿರಬೇಕು. ತೆರವಾದ ಹೊಳೆಯಂಚನ್ನು ಬೇರೆಯವರು ವಸತಿಗೃಹ ಕಟ್ಟಲು ಹಿಡಿದುಕೊಳ್ಳದಂತೆ ನಗರಸಭೆಯೇ ಕಾಯಬೇಕು. ಈ ಕಡೆಯ ಮಾತನ್ನು ನಾವು ಅನುಮಾನದಿಂದಲೇ ಬರೆಯುತ್ತಿದ್ದೇವೆ.

ಸುತ್ತೂರಿನ ಹಳ್ಳಿಗರ ಕೋರಿಕೆ ಇನ್ನೂ ಚಿಕ್ಕದು: ನೀರು ಬಿಡುವ ಸುದ್ದಿ ಸೇತುವೆಗೆ ನೀರು ಬರುವುದಕ್ಕಿಂತ ಮುಂಚೆ ಬರಲಿ, ಗರ್ಭಿಣಿಯರನ್ನೂ ರೋಗಿಗಳನ್ನೂ ಹಿಂದಿನ ದಿನವೇ ದಾಟಿಸಲು ವಾಹನವಿರಲಿ.

ತಾಲ್ಲೂಕು ಕಚೇರಿಯವರು ಮನೆಮನೆಯ ಪಟ್ಟಿಯನ್ನು ತಯಾರಿಸುವುದಾದರೆ ಮುಂಗಾರಿಗೆ ಕಾಯುವ ಅಗತ್ಯವಿಲ್ಲ. ಫಾಲ್ಗುಣ ಚೈತ್ರಗಳಲ್ಲಿ ಬಂದರೆ ಗೋಡೆಗಳ ಮೇಲೆ ನೀರು ನಿಂತ ಗುರುತುಗಳನ್ನು ಅಲ್ಲಿಯ ಹೆಂಗಸರೇ ವರ್ಷವಾರು ತೋರಿಸುವರು.