ಮಗು, ಕೊಡೆ, ಚೀಲ

ಎಪ್ರಿಲ್ ತಿಂಗಳ ಮೊದಲ ವಾರದಲ್ಲಿ ಹುಟ್ಟಿದ ಮಗುವಿಗೆ 6ನೆಯ ವಾರದ ಲಸಿಕೆ ಮೇ ತಿಂಗಳ ನಡುವಿಗೆ ಬರುತ್ತದೆ. 10ನೆಯ ವಾರದ್ದು ಜೂನ್ ನಡುವಿಗೆ, 14ನೆಯ ವಾರದ್ದು ಜುಲೈ ನಡುವಿಗೆ. ಬೇರೆ ಊರಿನವರಿಗೆ ಇದು ಬರಿಯ ಲೆಕ್ಕ. ಮಂಗಳೂರಿನ ಅತ್ತಾವರದಲ್ಲಿ ಮನೆ ಮಾಡಿರುವ ತಾಯಿಗೆ ಹಾಗಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಆ ಊರಿನ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಬಿದ್ದು ತೀರುತ್ತದೆ. ಪತಿ ಕಛೇರಿಗೆ ಹೋಗಿರುವ ಹೊತ್ತಿನಲ್ಲಿ ಆಕೆ ಅತ್ತಾವರದ ಇಳಿಜಾರು ರಸ್ತೆಯನ್ನು ಇಳಿದು ಲೇಡಿಗೋಷನ್ ಆಸ್ಪತ್ರೆಗೆ ಹೊರಡುತ್ತಾಳೆಂದು ಭಾವಿಸಿಕೊಳ್ಳಿ. ಒಂದು ತೋಳಿನಲ್ಲಿ ಮಗು, ಇನ್ನೊಂದು ಕೈಯಲ್ಲಿ ಕೊಡೆ. ಚೀಲಕ್ಕೆ ಮೂರನೆಯ ಕೈ ಎಲ್ಲಿಂದ ಬರಬೇಕು?

ಮಗುವಿನ ಚೀಲವನ್ನು ಕೊಳ್ಳುವಾಗ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದೇ. ಆದರೆ ಹಂಪನಕಟ್ಟೆಯ ಅಂಗಡಿಗೆ ಹೋದಾಗ ನಮ್ಮ ಗೃಹಿಣಿಯರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ, ಅನಂತರ ಅರೆಗಳ ಸಂಖ್ಯೆಯ ಮೇಲೆ. ಹದಿನೆಂಟು ಅರೆಗಳುಳ್ಳ ಚೀಲದಲ್ಲಿ ಅಳುವ ಮಗುವಿನ ಲಂಗೋಟಿ ಯಾವಾಗಲೂ ಹದಿನೆಂಟನೆಯ ಅರೆಯಲ್ಲೇ ಇರುತ್ತದೆ! ಅಂಗಡಿಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬಲದೋಳಿನಲ್ಲಿ ಮಗುವನ್ನಾಗಲಿ, ಮಗುವಿನಷ್ಟು ತೂಕದ ಗಂಟನ್ನಾಗಲಿ ಹಿಡಿದು, ಎಡಗೈಯೊಂದರಿಂದಲೇ ಚೀಲದ ಜಿಪ್ಪನ್ನು ಎಳೆದು ನೋಡಬೇಕು. ತೆರೆಯದಿದ್ದರೆ ಆ ಚೀಲ ಎಷ್ಟು ಚೆಂದವಿದ್ದರೂ ಅಲ್ಲಿಯೇ ಬಿಟ್ಟು ಬರಬೇಕು.

ಬೆನ್ನಿಗೇರಿಸುವ ಚೀಲ ಈಗ ಬಹಳ ಬಳಕೆಯಲ್ಲಿದೆ. ಎರಡು ಕೈಯೂ ಬಿಡುವಾಗುತ್ತವೆಂಬುದು ನಿಜ. ಆದರೆ ಕೊಡೆ ತಲೆಯನ್ನು ಕಾಯುತ್ತದೆಯೇ ಹೊರತು ಬೆನ್ನನ್ನಲ್ಲ. ಸೀರೆಯುಟ್ಟವರಿಗೆ ಅದರ ಪಟ್ಟಿಗಳು ಸೆರಗನ್ನು ಹಿಂದಕ್ಕೆಳೆಯುವ ಕಷ್ಟ ಬೇರೆ. ಒಂದೇ ಹೆಗಲಿಗೆ ತೂಗುವ ಚೀಲವಾದರೋ ಮಗುವನ್ನು ಮಲಗಿಸಲು ಬಗ್ಗಿದೊಡನೆ ಜಾರಿ ಮಗುವಿನ ಮೇಲೆಯೇ ಬೀಳುತ್ತದೆ. ಎದೆಗೆ ಅಡ್ಡಲಾಗಿ ಹಾಯುವ ಅಗಲವಾದ ಪಟ್ಟಿ, ಕೊಡೆಯ ನೆರಳಿನೊಳಗೆ ಪಕ್ಕೆಗೆ ಅಂಟಿಕೊಂಡಿರುವ ಚೀಲ, ಇವೇ ಈ ಊರಿಗೆ ಒಪ್ಪುವಂಥವು. ಸಿಟಿ ಬಸ್ಸಿನ ಎತ್ತರದ ಮೆಟ್ಟಿಲನ್ನು ಹತ್ತುವಾಗಲೂ ಅದು ತೊಡರುವುದಿಲ್ಲ.

ಚೀಲದ ಒಳಗೆ ಏನಿರಬೇಕು? ಅರ್ಧ ದಿನದ ಪ್ರಯಾಣಕ್ಕೆ ನಾಲ್ಕೈದು ಲಂಗೋಟಿಗಳು ಅಥವಾ ಡೈಪರುಗಳು, ಮಡಿಸಿದ ರಬ್ಬರ್ ಶೀಟು, ಹಳೆಯ ಹತ್ತಿ ಸೀರೆಯ ಎರಡು ಮೆತ್ತನೆಯ ತುಂಡುಗಳು, ಮಗುವಿಗೊಂದು ಬದಲಿ ಅಂಗಿ, ಜೊತೆಗೆ ತಾಯಿಗೂ ಒಂದು ಬದಲಿ ರವಿಕೆ. ಇದನ್ನು ಎಲ್ಲರೂ ಮರೆಯುತ್ತಾರೆ. ಲಸಿಕೆಗಳ ವಿವರವೆಲ್ಲ ದಾಖಲಾಗಿರುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಹೊರಗಿನ ಅರೆಗೆ ಸೇರಿಸಬೇಕು. ಒದ್ದೆ ಬಟ್ಟೆಗೆ ನೀರು ಸೋರದ, ತೆಗೆದು ತೊಳೆಯಬಹುದಾದ ಪ್ರತ್ಯೇಕ ಚೀಲ ಬೇಕೇ ಬೇಕು.

ಇನ್ನು ಅಂಗಡಿಯವರು ಬಹಳವಾಗಿ ಕೊಂಡಾಡುವ ‘ಬಿಸಿ ಕಾಯುವ ಅರೆ’. ಹಾಲಿನ ಸೀಸೆಯನ್ನು ಇದರಲ್ಲಿಟ್ಟರೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆನ್ನುತ್ತಾರೆ. ಕೇಳುವುದಕ್ಕೆ ಹಿತವಾಗಿದೆ, ಅಪಾಯವಿರುವುದೂ ಆ ಹಿತದಲ್ಲಿಯೇ. ಕಲಸಿದ ಪುಡಿಹಾಲು ಬೆಚ್ಚಗಿದ್ದಷ್ಟು ಹೊತ್ತೂ ರೋಗಾಣುಗಳು ಅದರಲ್ಲಿ ಬೆಳೆಯುತ್ತಲೇ ಇರುತ್ತವೆ. ಕಲಸಿದ ಹಾಲನ್ನು 2 ಗಂಟೆಯೊಳಗೆ ಕುಡಿಸಿಬಿಡಬೇಕು, ಉಳಿದುದನ್ನು ಚೆಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪುಡಿಹಾಲು ಅನಿವಾರ್ಯವಾದವರು ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿನಲ್ಲಿಯೂ ಪುಡಿಯನ್ನು ಒಣ ಡಬ್ಬಿಯಲ್ಲಿಯೂ ಬೇರೆ ಬೇರೆಯಾಗಿ ಒಯ್ಯಬೇಕು. ನೀರಿನ ಬಿಸಿ 70 ಡಿಗ್ರಿಗೆ ಇಳಿಯುವ ಮೊದಲೇ ಕಲಸಿ, ಉಗುರುಬೆಚ್ಚಗಾದ ಮೇಲೆ ಕುಡಿಸಬೇಕು. ಎದೆಹಾಲುಣ್ಣುವ ಮಗುವಿಗಂತೂ 6 ತಿಂಗಳು ತುಂಬುವವರೆಗೆ ಬೇರೆ ಆಹಾರವಾಗಲಿ, ನೀರಾಗಲಿ ಬೇಡ. ಅಂಥ ತಾಯಿಯ ಚೀಲದಲ್ಲಿ ಸೀಸೆಯೂ ಇಲ್ಲ, ಫ್ಲಾಸ್ಕೂ ಇಲ್ಲ. ಹೆಗಲಿನ ಭಾರ ಅರ್ಧಕ್ಕರ್ಧ ಇಳಿಯಿತು.

ಅಂದಚೆಂದದ ಮಾತಿಗೆ ಬಂದರೆ, ಚೀಲ ಹೊರಗೆ ಗಾಢ ಬಣ್ಣದ್ದಾಗಿ, ಒಳಗಿನ ಅಸ್ತರಿ ತಿಳಿ ಬಣ್ಣದ್ದಾಗಿರಲಿ. ಮೋಡ ಕವಿದ ದಿನವೂ ಬೇಕಾದ ವಸ್ತು ಕಣ್ಣಿಗೆ ಬೀಳುತ್ತದೆ. ಕರಡಿಮರಿ, ಬಾತುಕೋಳಿಗಳ ಚಿತ್ರವುಳ್ಳ ಚೀಲವನ್ನು ಮನೆಯ ಯಜಮಾನರು ಹೆಗಲಿಗೇರಿಸಲು ಒಪ್ಪುವುದಿಲ್ಲ. ಸರಳವಾದದ್ದನ್ನು ಕೊಂಡರೆ ಅವರಿಗೆ ಆ ನೆಪವೂ ಉಳಿಯುವುದಿಲ್ಲ. ಖಾಕಿ ಬಣ್ಣಕ್ಕೇನು ಕಡಿಮೆ? ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿಯೇ ಆ ಬಣ್ಣ ಹುಟ್ಟಿತೆಂದು ಊರಿನವರು ಹೆಮ್ಮೆಪಡುವುದುಂಟು. ವಾಯವ್ಯ ಗಡಿಯ ಸೈನ್ಯದಲ್ಲಿ ಹುಟ್ಟಿತೆಂದು ವಾದಿಸುವವರೂ ಇದ್ದಾರೆ. ಆ ಜಗಳ ನಮಗೆ ಬೇಡ. ಕೆಸರು ಸಿಡಿದರೆ ಕಾಣದಿರುವುದು ಮುಖ್ಯ.

ಚರ್ಮದ ಚೀಲ ಮಳೆಗಾಲ ಕಳೆಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ದಪ್ಪ ಕ್ಯಾನ್ವಾಸು ನೆನೆದರೆ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ. ಒಳಮೈಗೆ ನೀರು ನಿಲ್ಲಿಸುವ ಲೇಪವಿರುವ ನೈಲಾನು ನೋಟಕ್ಕೆ ಸಾಧಾರಣವಾದರೂ ಕೆಲಸಕ್ಕೆ ಮೇಲು. ಜಿಪ್ಪು ತುಕ್ಕು ಹಿಡಿಯದ ಪ್ಲಾಸ್ಟಿಕ್ಕಿನದಾಗಿರಲಿ.

ಮುಗ್ಗಲು ವಾಸನೆ ಹೋಗಲೆಂದು ಬಟ್ಟೆಬರೆಗಳ ನಡುವೆ ನ್ಯಾಫ್ತಲೀನ್ ಗುಳಿಗೆಗಳನ್ನು ಹಾಕಿಡುವ ವಾಡಿಕೆ ಹಲವು ಮನೆಗಳಲ್ಲಿದೆ. ಮಗುವಿನ ಚೀಲಕ್ಕೆ ಇದು ಸರ್ವಥಾ ಕೂಡದು. ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ, ಆ ಗುಳಿಗೆಯ ಆವಿ ಹತ್ತಿದ ಬಟ್ಟೆಯೂ ಕೆಂಪು ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆಯನ್ನು ತರಬಲ್ಲದು. ಕೊರತೆ ಯಾವ ಮಗುವಿಗಿದೆಯೆಂದು ಮುಖ ನೋಡಿ ತಿಳಿಯುವಂತಿಲ್ಲ. ಕರ್ಪೂರವೂ ಚೀಲದೊಳಗೆ ಬೇಡ; ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಮಗುವಿಗೆ ಅದು ವಿಷ. ಮನೆಗೆ ಬಂದೊಡನೆ ಚೀಲವನ್ನು ಬರಿದು ಮಾಡಿ, ಒಳಮೈ ಹೊರಗಾಗುವಂತೆ ಮಗುಚಿ, ರಾತ್ರಿಯೆಲ್ಲ ಫ್ಯಾನಿನ ಕೆಳಗೆ ತೂಗುಹಾಕಿದರೆ ಬೆಳಿಗ್ಗೆಗೆ ವಾಸನೆ ಇರುವುದಿಲ್ಲ.